ಹಳೆಯ ಜೀಪನ್ನು ಎತ್ತರಿಸುವ ಮುನ್ನ

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುವ ಆಳು. ಗೊಬ್ಬರದ ಚೀಲ, ಕಾಫಿ ಹಣ್ಣು, ಅಡಿಕೆ ಗೊನೆ, ನೀರೆತ್ತುವ ಪಂಪು, ಕೆಲಸಕ್ಕೆ ಬರುವ ಹೆಣ್ಣಾಳು ಗಂಡಾಳು, ಎಲ್ಲರನ್ನೂ ಎಲ್ಲವನ್ನೂ ಅದು ಹೊರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಜೀಪುಗಳಿಗೆ ಹೊಸದೊಂದು ಗೀಳು ಹತ್ತಿರುವುದು ಕಂಡುಬರುತ್ತಿದೆ. ಅದೇ ಜೀಪನ್ನು ಎತ್ತರಿಸುವುದು. ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆಗಳನ್ನು ನೋಡಿ ಬಂದ ತರುಣರು ನಾಲ್ಕು ಅಂಗುಲ, ಕೆಲವರು ಆರು ಅಂಗುಲದವರೆಗೂ ಏರಿಸುವ ಸಾಮಾನನ್ನು ಪಾರ್ಸೆಲ್ ಮೂಲಕ ತರಿಸಿ, ಹತ್ತಿರದ ಗ್ಯಾರೇಜಿನಲ್ಲಿ ಹಾಕಿಸುತ್ತಿದ್ದಾರೆ. ತೋಟದ ದಾರಿಯಲ್ಲಿ ಜೀಪಿನ ಹೊಟ್ಟೆ ತಾಗುತ್ತದೆ, ಆದುದರಿಂದ ಎತ್ತರಿಸಲೇಬೇಕು ಎಂಬುದು ಅವರ ವಾದ.

ನಾನು ಬೇಸಾಯಶಾಸ್ತ್ರದವನು. ಮೋಟಾರು ವಾಹನದ ಬಗೆಗೆ ಬರೆಯುವ ಅಧಿಕಾರ ಕೃಷಿ ಎಂಜಿನಿಯರಿಂಗ್ ವಿಭಾಗದ ಮಿತ್ರರದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಪ್ರಾತ್ಯಕ್ಷಿಕೆಯ ತಾಕುಗಳನ್ನು ನೋಡಲು ಇಪ್ಪತ್ತು ವರ್ಷಗಳಿಂದ ಇಂಥ ಜೀಪುಗಳಲ್ಲೇ ತಿರುಗುತ್ತಿರುವುದರಿಂದಲೂ, ಚಕ್ರ, ಮಣ್ಣು, ನೀರು ಈ ಮೂರರ ಸಂಬಂಧ ನನ್ನ ವಿಷಯಕ್ಕೆ ತೀರ ಹತ್ತಿರದ್ದಾದುದರಿಂದಲೂ ನಾಲ್ಕು ಮಾತು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಯುವ ಜೀಪಿಗೆ, ಅದು ಕುಗ್ಗಿ ಕಳೆದುಕೊಂಡಿರುವ ಎತ್ತರವನ್ನು ಮರಳಿ ಕೊಡಿಸುವುದು ಮೊದಲನೆಯ ಕೆಲಸ. ಅದರ ಮೇಲೂ ಬೇಕೆಂದು ಕಂಡುಬಂದರೆ ಎರಡು ಅಂಗುಲ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚಿನದು ಆಟದ ಜೀಪಿಗೆ ಸಲ್ಲಬಹುದು, ಆಳುಗಳನ್ನು ಕೂರಿಸಿಕೊಂಡು ಹೋಗುವ ಜೀಪಿಗೆ ಸಲ್ಲದು.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ. ಆದರೂ 1945ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಸಾರ್ವಜನಿಕರಿಗೆಂದು ಹೊರತಂದ ಸಿ.ಜೆ.-2ಎ ಮಾದರಿಯನ್ನು ಮುಖ್ಯವಾಗಿ ಇಟ್ಟದ್ದು ರೈತರ ಮುಂದೆ. ನೇಗಿಲು ಎಳೆಯಬಹುದು, ಟ್ರೈಲರ್ ಎಳೆಯಬಹುದು, ಪಿ.ಟಿ.ಓ. ಜೋಡಿಸಿ ಯಂತ್ರ ತಿರುಗಿಸಬಹುದು ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ನಮ್ಮಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಪರವಾನಗಿಯ ಮೇಲೆ ತಯಾರಿಸಿದ ಸಿ.ಜೆ.-3ಬಿ, ಆ ಬಳಿಕ ಡೀಸೆಲ್ ಎಂಜಿನ್ನಿನೊಡನೆ ಬಂದ ಎಂ.ಎಂ. 540 ಇವು ಅದೇ ವಂಶದವು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ತಯಾರಿಕೆ ಈಗ ನಿಂತಿದ್ದರೂ ತೋಟಗಳಲ್ಲಿ ಇನ್ನೂ ಓಡಾಡುತ್ತಿದೆ. ಇವೆಲ್ಲಕ್ಕೂ ಒಂದು ಸಾಮಾನ್ಯ ಲಕ್ಷಣವಿದೆ. ಮುಂದೆ ಒಂದು, ಹಿಂದೆ ಒಂದು ಗಟ್ಟಿ ಆಕ್ಸಲ್. ಅವುಗಳ ಮೇಲೆ ಚಾಸಿಯನ್ನು ಹೊರುವುದು ನಾಲ್ಕು ಕಟ್ಟು ಕಮಾನು ಪಟ್ಟಿಗಳು. ಗ್ಯಾರೇಜಿನವರು ಇವನ್ನೇ ಪ್ಲೇಟು ಎನ್ನುತ್ತಾರೆ. ಮುಂದೆ ಹೇಳುವುದೆಲ್ಲ ಈ ಬಗೆಯ ಜೀಪುಗಳಿಗೆ ಅನ್ವಯಿಸುತ್ತದೆ. 2010ರಲ್ಲಿ ಬಂದ ಥಾರ್ ಮಾದರಿಯ ನಾಲ್ಕು ಚಕ್ರ ಚಾಲನೆಯ ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಪ್ಲೇಟಿನ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್ ಇದೆ. ಅದರ ಬೋಲ್ಟನ್ನು ಬಿಗಿದರೆ ಮುಂಭಾಗ ಏರುತ್ತದೆಂಬುದು ನಿಜ. ಆದರೆ ಏರಿದಷ್ಟೂ ಚಕ್ರಕ್ಕೆ ಹೋಗುವ ಶಾಫ್ಟಿನ ಕೀಲು ಓರೆಯಾಗಿ ಅದರ ರಬ್ಬರ್ ಚೀಲ ಬೇಗ ಹರಿಯುತ್ತದೆ. ಅದರ ಮಾತು ಅಲ್ಲಿಗೆ ಸಾಕು.

ತಾಗುವುದು ಯಾವುದು?

ಜೀಪು ತಾಗುತ್ತದೆ ಎನ್ನುವವರನ್ನು ‘ಏನು ತಾಗುತ್ತದೆ?’ ಎಂದು ಕೇಳಿ ನೋಡಿ. ಬಹುಪಾಲು ಜನರಿಂದ ನೇರ ಉತ್ತರ ಬರುವುದಿಲ್ಲ. ಸದ್ದು ಕೇಳಿಸಿದೆಯೇ ಹೊರತು ಯಾರೂ ಕೆಳಗೆ ಬಗ್ಗಿ ನೋಡಿರುವುದಿಲ್ಲ. ಇದನ್ನು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮಳೆ ಇಲ್ಲದ ದಿನ ಜೀಪಿನ ಅಡಿಭಾಗಕ್ಕೆ, ಅಂದರೆ ಎರಡೂ ಆಕ್ಸಲ್ಲುಗಳ ನಡುವಿನ ಗುಂಡನೆಯ ಡಿಫರೆನ್ಷಿಯಲ್ ಪೆಟ್ಟಿಗೆಗೆ, ಗೇರ್ ಪೆಟ್ಟಿಗೆಯ ಕೆಳಗಿನ ಅಡ್ಡಪಟ್ಟಿಗೆ, ಸೈಲೆನ್ಸರಿಗೆ, ಹಿಂದಿನ ಕೊಕ್ಕೆಗೆ, ಪ್ಲೇಟು ಬಿಗಿದಿರುವ ಯು ಬೋಲ್ಟುಗಳ ತುದಿಗೆ ಗಟ್ಟಿಯಾಗಿ ಕಲಸಿದ ಸುಣ್ಣ ಬಳಿಯಿರಿ. ಒಣಗಿದ ಮೇಲೆ ಎಂದಿನ ಹೊರೆ ಹೇರಿ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸುಣ್ಣ ಎಲ್ಲಿ ಕೆರೆದು ಹೋಗಿದೆ ಎಂಬುದೇ ಉತ್ತರ.

ಸುಣ್ಣ ಹೋಗಿರುವುದು ಡಿಫರೆನ್ಷಿಯಲ್ ಪೆಟ್ಟಿಗೆಯಲ್ಲಾದರೆ ಪ್ಲೇಟಿನ ಲಿಫ್ಟ್ ಹಾಕಿಸುವುದರಿಂದ ಒಂದು ಕೂದಲೆಳೆಯಷ್ಟೂ ಪ್ರಯೋಜನವಿಲ್ಲ. ಕಾರಣ ಸರಳವಾಗಿದೆ. ಪ್ಲೇಟು ಚಾಸಿಯನ್ನು ಆಕ್ಸಲ್‌ನಿಂದ ಮೇಲಕ್ಕೆತ್ತುತ್ತದೆ. ಆಕ್ಸಲನ್ನು ನೆಲದಿಂದ ಎತ್ತುವುದು ಚಕ್ರ ಮಾತ್ರ. ಜೀಪನ್ನು ಆರು ಅಂಗುಲ ಏರಿಸಿದರೂ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಇದನ್ನು ತಿಳಿಯದೆ ಹಣ ಕಳೆದುಕೊಂಡವರು ಅನೇಕರಿದ್ದಾರೆ. ಹಳೆಯ 6.00-16 ಅಳತೆಯ ಟೈರು ತೆಗೆದು 7.00-16 ಹಾಕಿದರೆ ಆಕ್ಸಲ್ ಸುಮಾರು ಒಂದು ಅಂಗುಲ ಏರುತ್ತದೆ. ಈ ಒಂದು ಅಂಗುಲ ನಿಜವಾದ ಅಂಗುಲ. ಆದರೆ ಟೈರು ದೊಡ್ಡದಾದಷ್ಟೂ ಎಂಜಿನ್ನಿನ ಎಳೆತ ಚಕ್ರದ ಬಳಿ ಕಡಿಮೆಯಾಗುತ್ತದೆ, ಡ್ರಂ ಬ್ರೇಕಿನ ಹಿಡಿತಕ್ಕೂ ಭಾರ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ಈ ಬದಲಾವಣೆಯಲ್ಲಿ ವ್ಯತ್ಯಾಸ ನೂರಕ್ಕೆ ಏಳರಷ್ಟು. ಅದನ್ನು ಹಳೆಯ ಜೀಪು ತಡೆದುಕೊಳ್ಳುತ್ತದೆ. ಅದಕ್ಕೂ ಮೀರಿ ಲಾರಿಯ ಟೈರಿನಂಥದನ್ನು ತುರುಕುವುದು ಬೇಡ.

ಸುಣ್ಣ ಹೋಗಿರುವುದು ಗೇರ್ ಪೆಟ್ಟಿಗೆಯ ಕೆಳಗಿನ ಅಡ್ಡಪಟ್ಟಿಯಲ್ಲಾದರೆ ಮಾತ್ರ ಪ್ಲೇಟಿನ ಎತ್ತರದ ವಿಚಾರ ಮಾಡಬಹುದು. ಅಲ್ಲಿಯೂ ಗಮನಿಸತಕ್ಕ ಒಂದು ಅಂಶವಿದೆ. ದಿಣ್ಣೆ ದಾಟುವಾಗ ಹೊಟ್ಟೆ ತಾಗುವುದು ಕೇವಲ ಎತ್ತರದಿಂದ ನಿರ್ಧಾರವಾಗುವುದಿಲ್ಲ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ ಸೇರುತ್ತದೆ. ಸಿ.ಜೆ.-3ಬಿ ಜೀಪಿನಲ್ಲಿ ಈ ಅಂತರ 80 ಅಂಗುಲ, ಎಂ.ಎಂ. 540ರಲ್ಲಿ ಸುಮಾರು 91 ಅಂಗುಲ. ಹೊಟ್ಟೆಯ ಎತ್ತರ ಎರಡರಲ್ಲೂ 10 ಅಂಗುಲ ಎಂದು ಹಿಡಿದು ಸ್ಥೂಲವಾಗಿ ಲೆಕ್ಕ ಹಾಕಿದರೆ ಗಿಡ್ಡ ಜೀಪು 28 ಡಿಗ್ರಿಯಷ್ಟು ಮೊನಚಾದ ದಿಣ್ಣೆಯನ್ನು ತಾಗದೆ ದಾಟುತ್ತದೆ, ಉದ್ದ ಜೀಪಿಗೆ ದಾಟಲಾಗುವುದು 25 ಡಿಗ್ರಿಗಿಂತ ತುಸು ಕಡಿಮೆ. ಗಿಡ್ಡ ಜೀಪಿನ ಅನುಕೂಲ ಹುಟ್ಟಿನಿಂದಲೇ ಬಂದದ್ದು. ಹೀಗಿದ್ದರೂ ನಾನು ನೋಡಿದಂತೆ ಜನರು ಎತ್ತರಿಸುವುದು ಹೆಚ್ಚಾಗಿ ಗಿಡ್ಡ ಜೀಪನ್ನೇ. ನೋಡಲು ಚೆನ್ನಾಗಿ ಕಾಣುತ್ತದೆ ಎಂಬುದರ ಹೊರತು ಇದಕ್ಕೆ ಬೇರೆ ಕಾರಣ ನನಗೆ ಕಂಡಿಲ್ಲ.

ಕುಗ್ಗಿದ ಪ್ಲೇಟು

ಮೂವತ್ತು ನಲವತ್ತು ವರ್ಷ ಹೊರೆ ಹೊತ್ತ ಪ್ಲೇಟು ತನ್ನ ಕಮಾನನ್ನು ಕಳೆದುಕೊಂಡಿರುತ್ತದೆ. ಕಾಫಿ ಒಣಗಿಸುವ ಸಿಮೆಂಟಿನ ಕಣದಂಥ ಸಮತಟ್ಟಾದ ಜಾಗದಲ್ಲಿ ಜೀಪನ್ನು ಖಾಲಿ ನಿಲ್ಲಿಸಿ, ಆಕ್ಸಲ್ ಕೊಳವೆಯ ಮೇಲ್ಭಾಗದಿಂದ ಚಾಸಿಯ ಕೆಳಭಾಗದವರೆಗಿನ ಅಂತರವನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಎಡ ಬಲಗಳಲ್ಲಿ ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಇಲ್ಲವೇ ಪ್ಲೇಟಿನ ಕಟ್ಟು ಬಿಲ್ಲಿನಂತಿರದೆ ಹಲಗೆಯಂತೆ ಚಪ್ಪಟೆಯಾಗಿದ್ದರೆ ಜೀಪು ಕುಗ್ಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಒಂದರಿಂದ ಎರಡು ಅಂಗುಲದಷ್ಟು ಎತ್ತರ ಹೀಗೆ ಸದ್ದಿಲ್ಲದೆ ಹೋಗಿರುತ್ತದೆ. ಅನೇಕರು ಲಿಫ್ಟ್ ಎಂದು ಹಣ ಕೊಟ್ಟು ಕೊಳ್ಳುವುದು, ಕಂಪನಿಯವರು ಮೊದಲೇ ಕೊಟ್ಟಿದ್ದ ಎತ್ತರವನ್ನೇ.

ಇದಕ್ಕೆ ಎರಡು ದಾರಿಗಳಿವೆ. ಹೊಸ ಪ್ಲೇಟಿನ ಕಟ್ಟು ಹಾಕಿಸುವುದು ಉತ್ತಮ. ಅದು ಆಗದಿದ್ದಲ್ಲಿ ಹಳೆಯ ಪ್ಲೇಟುಗಳನ್ನು ಬಿಚ್ಚಿ ಮರಳಿ ಕಮಾನು ಹೊಡೆಸಬಹುದು. ಆದರೆ ಇದನ್ನು ಪ್ಲೇಟಿನ ಕೆಲಸವನ್ನೇ ಕಸುಬಾಗಿ ಮಾಡುವವರ ಬಳಿ ಮಾಡಿಸಬೇಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಹಾಗೆಯೇ ಆರಲು ಬಿಟ್ಟ ಪ್ಲೇಟು ಹದ ಕಳೆದುಕೊಳ್ಳುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಮತ್ತೆ ಚಪ್ಪಟೆಯಾಗುತ್ತದೆ. ಕಾಯಿಸಿದ ಪ್ಲೇಟನ್ನು ಎಣ್ಣೆಯಲ್ಲಿ ಅದ್ದಿ, ಪುನಃ ಹದವಾದ ಶಾಖ ಕೊಟ್ಟು ಇಳಿಸಬೇಕು. ಕುಡುಗೋಲಿಗೆ ಹದ ಹಾಕುವುದನ್ನು ನೋಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿರುಕು ಬಿಟ್ಟ, ತುಕ್ಕು ತಿಂದು ಗುಳಿ ಬಿದ್ದ ಪ್ಲೇಟನ್ನು ಯಾವ ಹದವೂ ಉಳಿಸದು. ಪ್ಲೇಟಿನ ಮೇಲೆ ವೆಲ್ಡಿಂಗ್ ಮಾಡಿಸುವುದಂತೂ ಕೂಡದು.

ಪ್ಲೇಟು ಬಿಚ್ಚಿದಾಗಲೇ ಬುಷ್, ಶಾಕಲ್ ಪಿನ್ನು, ನಡುವಿನ ಬೋಲ್ಟು ಇವನ್ನೂ ಹೊಸದಾಗಿ ಹಾಕಿಸಿರಿ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನು ಮರಳಿ ಉಪಯೋಗಿಸಬಾರದು. ಹೊಸದು ಹಾಕಿ ನಾಲ್ಕಾರು ನೂರು ಕಿಲೋಮೀಟರು ಓಡಿದ ಬಳಿಕ ಮತ್ತೊಮ್ಮೆ ಬಿಗಿಸಬೇಕು. ಗ್ಯಾರೇಜಿನಿಂದ ಹೊರಬಿದ್ದ ಜೀಪನ್ನು ಮರಳಿ ಕೊಂಡೊಯ್ಯಲು ಬೇಸರಪಟ್ಟು ಈ ಕೆಲಸ ಬಿಡುವವರೇ ಹೆಚ್ಚು.

ನಾಲ್ಕು ಬಗೆಯ ಏರಿಕೆ

ಇಷ್ಟಾದ ಮೇಲೂ ಸುಣ್ಣದ ಪರೀಕ್ಷೆಯಲ್ಲಿ ಹೊಟ್ಟೆ ತಾಗುತ್ತಿದ್ದರೆ ಆಗ ಎತ್ತರಿಸುವ ವಿಧಾನ ಆರಿಸಬೇಕು. ಗ್ಯಾರೇಜುಗಳಲ್ಲಿ ಅತ್ಯಂತ ಅಗ್ಗವೆಂದು ಹೇಳುವುದು ಉದ್ದ ಶಾಕಲ್ ಹಾಕುವುದು. ಎರಡು ಅಂಗುಲ ಉದ್ದದ ಶಾಕಲ್ ಹಾಕಿದರೆ ಜೀಪು ಏರುವುದು ಒಂದೇ ಅಂಗುಲ, ಏಕೆಂದರೆ ಪ್ಲೇಟಿನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ವಿಲ್ಲೀಸ್ ವಂಶದ ಜೀಪುಗಳಲ್ಲಿ ಮುಂದಿನ ಪ್ಲೇಟಿನ ಶಾಕಲ್ ಇರುವುದು ಮುಂತುದಿಗೆ. ಆ ತುದಿಯನ್ನು ಕೆಳಗಿಳಿಸಿದಾಗ ಆಕ್ಸಲ್ ಮುಂದಕ್ಕೆ ಮುಗ್ಗರಿಸಿದಂತಾಗುತ್ತದೆ. ಚಕ್ರ ತಿರುಗಿದ ಮೇಲೆ ತಾನಾಗಿ ನೇರಕ್ಕೆ ಬರುವ ಗುಣ ಇರುವುದು ಆಕ್ಸಲ್ಲಿನ ಹಿಂದೊಲಿದ ಕೋನದಲ್ಲಿ. ಅದನ್ನೇ ಕ್ಯಾಸ್ಟರ್ ಎನ್ನುತ್ತಾರೆ. ಉದ್ದ ಶಾಕಲ್ ಆ ಕೋನವನ್ನು ತಿಂದುಹಾಕುತ್ತದೆ. ಫಲವಾಗಿ ಟಾರು ರಸ್ತೆಯಲ್ಲಿ ಜೀಪು ಅತ್ತಿತ್ತ ಅಲೆಯುತ್ತದೆ. ಕಿಂಗ್‌ಪಿನ್ ಬೇರಿಂಗ್ ಸವೆದಿದ್ದರೆ ಮುಂದಿನ ಚಕ್ರಗಳು ಗಡಗಡನೆ ನಡುಗುವ ವಾಬ್ಲಿಂಗ್ ಆರಂಭವಾಗುತ್ತದೆ. ಓರೆ ಶಿಮ್ ಇಟ್ಟು ಸರಿಪಡಿಸಬಹುದಾದರೂ ಅಷ್ಟು ತಿಳಿದು ಮಾಡುವವರು ವಿರಳ. ಉದ್ದ ಶಾಕಲ್ಲನ್ನು ನಾನು ಮೆಚ್ಚುವುದಿಲ್ಲ.

ಇನ್ನೊಂದು, ಕಟ್ಟಿಗೆ ಹೆಚ್ಚುವರಿ ಪ್ಲೇಟು ಸೇರಿಸುವುದು. ಹಿಂಬದಿಗೆ ಸದಾ ಭಾರ ಹೇರುವವರಿಗೆ ಒಂದು ಪ್ಲೇಟು ಸೇರಿಸುವುದು ಉಪಯುಕ್ತ. ಆದರೆ ಎತ್ತರಕ್ಕಾಗಿ ಎರಡು ಮೂರು ಸೇರಿಸಿದರೆ ಕಟ್ಟು ಬಿರುಸಾಗುತ್ತದೆ. ಒಂದೇ ದಪ್ಪದ ಒಂಬತ್ತು ಪ್ಲೇಟುಗಳಿಗೆ ಎರಡು ಸೇರಿಸಿದರೆ ಬಿರುಸು ನೂರಕ್ಕೆ ಇಪ್ಪತ್ತರ ಮೇಲೆ ಹೆಚ್ಚಿತು. ಬಿರುಸಾದ ಜೀಪು ಕುಲುಕುತ್ತದೆ ಎಂಬುದಷ್ಟೇ ದೋಷವಾಗಿದ್ದರೆ ಸಹಿಸಬಹುದಿತ್ತು. ನಿಜವಾದ ದೋಷ ಬೇರೆ. ಹಳ್ಳದಲ್ಲಿ ಒಂದು ಚಕ್ರ ಕೆಳಗಿಳಿದು ನೆಲ ಹಿಡಿಯಬೇಕಾದಾಗ ಬಿರುಸು ಪ್ಲೇಟು ಇಳಿಯಗೊಡುವುದಿಲ್ಲ. ಚಕ್ರ ಗಾಳಿಯಲ್ಲಿ ತೂಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ಲಿನ ಗುಣವೇನೆಂದರೆ ಒಂದು ಚಕ್ರ ಹಿಡಿತವಿಲ್ಲದೆ ತಿರುಗತೊಡಗಿದರೆ ನೆಲದ ಮೇಲಿರುವ ಜೊತೆ ಚಕ್ರಕ್ಕೂ ಎಳೆತ ಸಿಗುವುದಿಲ್ಲ. ಎತ್ತರದ ಜೀಪು ಕೆಸರಿನಲ್ಲಿ ನಿಂತುಬಿಟ್ಟು, ಅದರ ಹಿಂದೆ ಬಂದ ಮೆತ್ತನೆಯ ಪ್ಲೇಟಿನ ಹಳೆಯ ಜೀಪು ಸಲೀಸಾಗಿ ದಾಟಿಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಮೂರನೆಯದು, ಆಕ್ಸಲ್ಲಿನ ಕೆಳಗಿರುವ ಪ್ಲೇಟನ್ನು ಮೇಲಕ್ಕೆ ತಂದು ಕೂರಿಸುವುದು. ಇದರಿಂದ ಒಂದೇ ಏಟಿಗೆ ನಾಲ್ಕೈದು ಅಂಗುಲ ಏರುತ್ತದೆ. ಹೊಸ ಪ್ಲೇಟಿನ ಖರ್ಚೂ ಇಲ್ಲ. ಆದುದರಿಂದಲೇ ಇದು ತರುಣರಿಗೆ ಪ್ರಿಯ. ಇಲ್ಲಿ ಪೆಟ್ಟು ಬೀಳುವುದು ಪ್ರೊಪೆಲ್ಲರ್ ಶಾಫ್ಟಿಗೆ. ಗಿಡ್ಡ ಜೀಪಿನಲ್ಲಿ ಹಿಂದಿನ ಶಾಫ್ಟು ಬಹಳ ಚಿಕ್ಕದು. ಅದು 20 ಅಂಗುಲ ಎಂದು ಹಿಡಿದರೆ ನಾಲ್ಕು ಅಂಗುಲ ಏರಿಕೆಗೆ ಶಾಫ್ಟು ಇರುವುದಕ್ಕಿಂತ ಸುಮಾರು 11 ಡಿಗ್ರಿ ಹೆಚ್ಚು ಓರೆಯಾಗುತ್ತದೆ. ಎರಡು ಅಂಗುಲ ಏರಿಕೆಗೆ ಆಗುವ ಓರೆ ಇದರ ಅರ್ಧ. ಓರೆ ಹೆಚ್ಚಿದಂತೆ ಶಾಫ್ಟಿನ ಎರಡು ತುದಿಯ ಕ್ರಾಸುಗಳು ಬೇಗ ಸವೆಯುತ್ತವೆ, ಗಾಡಿ ವೇಗದಲ್ಲಿ ಅದಿರುತ್ತದೆ, ಜಾರುವ ತುದಿ ಹೊರಬರುವಷ್ಟು ಎಳೆಯಲ್ಪಡುತ್ತದೆ. ಜೊತೆಗೆ ಎಳೆತ ಕೊಟ್ಟಾಗ ಆಕ್ಸಲ್ ತಿರುಚಿಕೊಂಡು ಪ್ಲೇಟು ಎಸ್ ಆಕಾರಕ್ಕೆ ಬಾಗುತ್ತದೆ. ಬ್ರೇಕಿನ ಎಣ್ಣೆಯ ರಬ್ಬರ್ ಕೊಳವೆ ಗಿಡ್ಡವಾಗಿ, ಚಕ್ರ ಪೂರ್ತಿ ಇಳಿದಾಗ ಬಿಗಿದುಕೊಳ್ಳುತ್ತದೆ. ಘಾಟಿಯಲ್ಲಿ ಅದು ಕಿತ್ತರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಸ್ಟೇರಿಂಗ್ ಪೆಟ್ಟಿಗೆಯಿಂದ ಬರುವ ರಾಡು ಓರೆಯಾಗುವುದರಿಂದ ಗುಂಡಿ ಹಾರಿದಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತದೆ. ಇವೆಲ್ಲಕ್ಕೂ ಪರಿಹಾರಗಳುಂಟು. ಆದರೆ ಪರಿಹಾರಗಳ ಪಟ್ಟಿಯ ಖರ್ಚನ್ನು ಕೂಡಿದರೆ ಮೊದಲಿನ ಅಗ್ಗದ ಮಾತು ಉಳಿಯುವುದಿಲ್ಲ.

ಆಕ್ಸಲ್ ಮತ್ತು ಪ್ಲೇಟಿನ ನಡುವೆ ಕಬ್ಬಿಣದ ದಿಮ್ಮಿ ಇಡುವವರೂ ಇದ್ದಾರೆ. ಮುಂದಿನ ಆಕ್ಸಲ್ಲಿಗೆ ಇದನ್ನು ಎಂದಿಗೂ ಮಾಡಿಸಬೇಡಿ. ಬ್ರೇಕು ಹಾಕಿದ ಬಿರುಸಿಗೆ ದಿಮ್ಮಿ ಜಾರಿದರೆ ಸ್ಟೇರಿಂಗೇ ಕೈಬಿಟ್ಟಂತೆ.

ಹಾಗಾದರೆ ಉಳಿದದ್ದು ಯಾವುದು? ಮೂಲದ್ದಕ್ಕಿಂತ ಒಂದೂವರೆ ಇಲ್ಲವೇ ಎರಡು ಅಂಗುಲ ಹೆಚ್ಚು ಕಮಾನುಳ್ಳ, ಆದರೆ ಬಿರುಸು ಹೆಚ್ಚಿಲ್ಲದ, ತೆಳುವಾದ ಪಟ್ಟಿಗಳನ್ನು ಕೂಡಿಸಿದ ಪೂರ್ಣ ಕಟ್ಟು. ಅದರೊಡನೆ ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್. ಹಳೆಯ ಗಿಡ್ಡ ಅಬ್ಸಾರ್ಬರನ್ನೇ ಬಿಟ್ಟರೆ ಚಕ್ರ ಇಳಿದಾಗ ಇಡೀ ಆಕ್ಸಲ್ ಅದಕ್ಕೇ ನೇತುಬಿದ್ದು, ಅದರ ಕಣ್ಣು ಕಿತ್ತುಬರುತ್ತದೆ. ನಾಲ್ಕೂ ಚಕ್ರ ತೂಗುವಂತೆ ಜೀಪನ್ನು ಜ್ಯಾಕಿನ ಮೇಲೆ ನಿಲ್ಲಿಸಿ, ಬ್ರೇಕಿನ ಕೊಳವೆಗೆ ಎಷ್ಟು ಸಡಿಲವಿದೆ, ಶಾಫ್ಟಿನ ಜಾರುವ ತುದಿ ಎಷ್ಟು ಒಳಗಿದೆ ಎಂಬುದನ್ನು ಸ್ವತಃ ನೋಡಿದ ಮೇಲೆಯೇ ಗ್ಯಾರೇಜಿನವರಿಗೆ ಹಣ ಕೊಡುವುದು ಒಳಿತು.

ಮಗುಚುವ ಲೆಕ್ಕ

ನಾನು ಎರಡು ಅಂಗುಲವೆಂಬ ಮಿತಿಗೆ ಅಂಟಿಕೊಂಡಿರುವುದು ಕ್ರಾಸು ಸವೆಯುತ್ತದೆಂಬ ಕಾರಣಕ್ಕಲ್ಲ. ಕ್ರಾಸು ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಎಡ ಬಲ ಚಕ್ರಗಳ ನಡುವಿನ ಅಗಲ ಕೇವಲ 49 ಅಂಗುಲದ ಆಸುಪಾಸು. ಇಂದಿನ ಯಾವ ಕಾರಿಗೆ ಹೋಲಿಸಿದರೂ ಇದು ಕಿರಿದು. ಗಾಡಿಯ ಭಾರದ ಕೇಂದ್ರ ನೆಲದಿಂದ 26 ಅಂಗುಲದಲ್ಲಿದೆ, ಗಾಡಿಯ ತೂಕ 1,100 ಕಿಲೋ ಎಂದು ಹಿಡಿಯೋಣ. ಇದು ತೂಗಿ ಅಳೆದ ಅಂಕಿಯಲ್ಲ, ಲೆಕ್ಕ ತಿಳಿಯಲು ಹಿಡಿದದ್ದು. ಖಾಲಿ ಜೀಪು ನಿಂತಲ್ಲೇ ಪಕ್ಕಕ್ಕೆ ವಾಲಿದರೆ 43 ಡಿಗ್ರಿಯಲ್ಲಿ ಮಗುಚುತ್ತದೆ. ಹಿಂದೆ ಆರು ಜನ ಕುಳಿತರು, ಅವರ ಭಾರ 300 ಕಿಲೋ, ಅದು ನೆಲದಿಂದ 45 ಅಂಗುಲ ಮೇಲಿದೆ ಎಂದಾದರೆ ಮಗುಚುವ ಕೋನ 39ಕ್ಕಿಳಿಯುತ್ತದೆ. ಇದೇ ಜೀಪನ್ನು ನಾಲ್ಕು ಅಂಗುಲ ಎತ್ತರಿಸಿದರೆ 36.

ಮೂವತ್ತಾರು ಡಿಗ್ರಿ ಬಹಳವಾಯಿತಲ್ಲ, ಅಷ್ಟು ವಾಲಿದ ದಾರಿ ಎಲ್ಲಿದೆ ಎಂದು ಕೇಳಬಹುದು. ತೋಟದ ದಾರಿ ಕಣಿವೆಯ ಕಡೆಗೆ 15 ಡಿಗ್ರಿ ವಾಲಿದೆ ಎನ್ನಿ. ಕೆಳಗಿನ ಚಕ್ರ ಆರು ಅಂಗುಲದ ಗುಂಡಿಗೆ ಇಳಿಯಿತು, ಏಳು ಡಿಗ್ರಿ ಸೇರಿತು. ಮೇಲಿನ ಚಕ್ರ ನಾಲ್ಕು ಅಂಗುಲದ ಕಲ್ಲನ್ನೋ ಬೇರನ್ನೋ ಹತ್ತಿತು, ಇನ್ನೂ ಐದು ಸೇರಿತು. ಅಲ್ಲಿಗೆ 27. ಕೆಳಗಿನ ಪ್ಲೇಟು ಮತ್ತು ಟೈರು ಭಾರಕ್ಕೆ ಅದುಮಿಕೊಳ್ಳುವುದು, ಕುಳಿತವರು ಹೆದರಿ ಕೆಳಬದಿಗೆ ಸರಿಯುವುದು, ಗಾಡಿ ಚಲಿಸುತ್ತಿರುವಾಗಿನ ಓಲಾಟ ಇವು ಈ ಲೆಕ್ಕದಲ್ಲಿ ಸೇರಿಲ್ಲ. ಉಳಿದಿದ್ದ ಹನ್ನೆರಡು ಡಿಗ್ರಿಯಲ್ಲಿ ಮೂರನ್ನು ನಾವಾಗಿಯೇ ಶೋಕಿಗೆ ಕೊಟ್ಟುಬಿಟ್ಟೆವು ಎಂದಾಯಿತು. ಮಗುಚಿದಾಗ ಓಡಿಸುವವನಿಗೆ ಹಿಡಿದುಕೊಳ್ಳಲು ಸ್ಟೇರಿಂಗಾದರೂ ಇರುತ್ತದೆ. ಹಿಂದಿನ ಅಡ್ಡ ಸೀಟಿನಲ್ಲಿ ಬುತ್ತಿಪಾತ್ರೆ ಹಿಡಿದು ಕುಳಿತ ಹೆಂಗಸರಿಗೆ ಏನಿರುತ್ತದೆ?

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಮಾಡಲಾಯಿತು. ದಂಡಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ವಿಮೆಯ ಬಗ್ಗೆ. ಮಾರ್ಪಡಿಸಿದ ಗಾಡಿ ಮಗುಚಿದಾಗ ವಿಮಾ ಕಂಪನಿ ತಕರಾರು ತೆಗೆದರೆ ಗಾಯಗೊಂಡವರ ಆಸ್ಪತ್ರೆಯ ಖರ್ಚು ಬೆಳೆಗಾರನ ತಲೆಯ ಮೇಲೆ ಬೀಳುವ ಸಂಭವವಿದೆ. ಕುಗ್ಗಿದ ಪ್ಲೇಟನ್ನು ಮೂಲದ ಎತ್ತರಕ್ಕೆ ತರುವುದು ದುರಸ್ತಿ; ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅದರ ಮೇಲಿನ ಒಂದೆರಡು ಅಂಗುಲಕ್ಕೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಹೇಗೂ ಐದು ವರ್ಷಕ್ಕೊಮ್ಮೆ ಅಲ್ಲಿಗೇ ಒಯ್ದು ತೋರಿಸಬೇಕಾಗಿರುತ್ತದೆ.

ದಾರಿಯ ಕಡೆಗೂ ನೋಡಿ

ಈಗ ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ಜೀಪಿನ ಹೊಟ್ಟೆ ತಾಗುವುದು ಯಾವಾಗ? ಎರಡು ಚಕ್ರಗಳ ಜಾಡು ಆಳವಾಗಿ, ನಡುವೆ ದಿಂಡು ಎದ್ದು ನಿಂತಾಗ. ಈ ಜಾಡನ್ನು ಕೊರೆದವರಾರು? ಅರ್ಧವನ್ನು ಜೀಪೇ ಕೊರೆಯಿತು, ಉಳಿದರ್ಧವನ್ನು ಆ ಜಾಡಿನಲ್ಲಿ ಹರಿದ ಮಳೆನೀರು ಕೊರೆಯಿತು. ಮಲೆನಾಡಿನ ಕೆಂಪು ಮಣ್ಣು ನೀರು ಕುಡಿದಾಗ ಬೆಣ್ಣೆಯಂತಾಗುತ್ತದೆ. ಆಗ ಒಂದು ಸಲ ಓಡಾಡಿದರೆ ಒಣಗಿದ ನೆಲದಲ್ಲಿ ಐವತ್ತು ಸಲ ಓಡಾಡಿದ್ದಕ್ಕಿಂತ ಹೆಚ್ಚು ಹಾನಿ. ಜೀಪನ್ನು ಎತ್ತರಿಸಿದರೆ ಇನ್ನೂ ಆಳದ ಜಾಡಿನಲ್ಲಿ ಓಡಿಸುವ ಧೈರ್ಯ ಬರುತ್ತದೆ, ಜಾಡು ಮತ್ತಷ್ಟು ಆಳವಾಗುತ್ತದೆ. ಎರಡು ವರ್ಷದಲ್ಲಿ ಏರಿಸಿದ ಎತ್ತರವನ್ನು ದಾರಿ ನುಂಗಿಹಾಕಿರುತ್ತದೆ. ಆ ಜಾಡಿನಲ್ಲಿ ಹರಿದುಹೋದದ್ದು ನಮ್ಮ ತೋಟದ ಮೇಲ್ಮಣ್ಣು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಟೈರು ನೆಲದ ಮೇಲೆ ಹಾಕುವ ಒತ್ತಡ ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದು ಚಕ್ರದ ಮೇಲೆ 400 ಕಿಲೋ ಭಾರವಿದ್ದು, ಗಾಳಿ ಚದರ ಸೆಂಟಿಮೀಟರಿಗೆ 2 ಕಿಲೋ ಇದ್ದರೆ ಆ ಭಾರವನ್ನು ಹೊರುವ ನೆಲ 200 ಚದರ ಸೆಂ.ಮೀ. ಗಾಳಿಯನ್ನು 1.3ಕ್ಕೆ ಇಳಿಸಿದರೆ ಅದು 300 ಚದರ ಸೆಂ.ಮೀ. ಆಗುತ್ತದೆ, ಜಾಡು ಅಷ್ಟರಮಟ್ಟಿಗೆ ತೇಲಿಕೆ. ತೋಟದೊಳಗೆ ನಿಧಾನವಾಗಿ ಓಡಿಸುವಾಗ ಮಾತ್ರ ಹೀಗೆ ಮಾಡಬಹುದು. ಟಾರು ರಸ್ತೆಗೆ ಇಳಿಯುವ ಮುನ್ನ ಕಾಲಿನಿಂದ ಒತ್ತುವ ಪಂಪಿನಲ್ಲಾದರೂ ಗಾಳಿ ತುಂಬಲೇಬೇಕು. ಮಳೆಗಾಲದ ಕೆಸರಿನಲ್ಲಿ ಈ ಒಂದು ಉಪಾಯ ಎರಡು ಅಂಗುಲದ ಲಿಫ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದಾರಿಯಲ್ಲಿ ಹರಿಯುವ ನೀರನ್ನು ಬೇಗ ಬೇಗ ಪಕ್ಕಕ್ಕಿಳಿಸಬೇಕು. ನೂರಕ್ಕೆ ಹತ್ತರ ಇಳಿಜಾರಿದ್ದಲ್ಲಿ ಸುಮಾರು 25 ಮೀಟರಿಗೊಂದರಂತೆ ದಾರಿಗೆ ಓರೆಯಾಗಿ ಅಡ್ಡಗಾಲುವೆ ತೆಗೆದು, ಅದರ ಕೆಳಬದಿಗೆ ತೆಗೆದ ಮಣ್ಣನ್ನೇ ಒಡ್ಡಿನಂತೆ ಗುದ್ದಿ ಗಟ್ಟಿಮಾಡಿ. ಇಳಿಜಾರು ಹೆಚ್ಚಿದಲ್ಲಿ, ಮಳೆ ಜೋರಿರುವಲ್ಲಿ ಇನ್ನೂ ಹತ್ತಿರ ತೆಗೆಯಿರಿ. ನೀರು ಹೊರಬೀಳುವ ಬಾಯಿಯಲ್ಲಿ ಕಲ್ಲು ಜೋಡಿಸಿ ಲಾವಂಚ ನೆಡುವುದು ಸೂಕ್ತ. ಗುಂಡ್ಲುಪೇಟೆ ಕಡೆಯ ರೈತರು ಬದುಗಳ ಮೇಲೆ ಲಾವಂಚವನ್ನು ಹಿಂದಿನಿಂದಲೂ ಬೆಳೆಸುತ್ತ ಬಂದವರು. ಬೇರು ಆಳಕ್ಕಿಳಿಯುವ ಈ ಹುಲ್ಲನ್ನು ದನಗಳು ಬುಡದವರೆಗೆ ಮೇಯುವುದೂ ಇಲ್ಲ. ಚಕ್ರದ ಜಾಡು ಬಿದ್ದಲ್ಲಿ ನಡುವಿನ ದಿಂಡನ್ನು ಗುದ್ದಲಿಯಿಂದ ಕಡಿದು ಜಾಡಿಗೇ ತುಂಬಿ, ಮೇಲೆ ಜಲ್ಲಿಯನ್ನೋ ಮುರಕಲ್ಲಿನ ಚೂರನ್ನೋ ಹರಡಿದರೆ ಸುಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬಹುದು. ಲಿಫ್ಟಿನ ಸಾಮಾನಿಗೆ ಕೊಡುವ ಹಣದಲ್ಲಿ ಎಷ್ಟು ಆಳಿನ ಕೂಲಿ ಬರುತ್ತದೆಂದು ಪ್ರತಿಯೊಬ್ಬರೂ ತಮ್ಮ ಊರಿನ ದರದಲ್ಲಿ ಲೆಕ್ಕ ಹಾಕಿಕೊಳ್ಳಲಿ.

ಟ್ರೈಲರ್ ಎಳೆಯುವವರಿಗೆ ಒಂದು ಮಾತು ಉಳಿದಿದೆ. ಜೀಪು ಏರಿದಾಗ ಹಿಂದಿನ ಕೊಕ್ಕೆಯೂ ಏರುತ್ತದೆ. ಟ್ರೈಲರಿನ ಮೂತಿ ಮೇಲಾಗಿ ಭಾರ ಅದರ ಹಿಂಬದಿಗೆ ಸರಿಯುತ್ತದೆ. ಇಳಿಜಾರಿನಲ್ಲಿ ಅದು ಜೀಪಿನ ಬಾಲವನ್ನು ಎತ್ತಿ ಆಡಿಸತೊಡಗುತ್ತದೆ. ಎರಡು ಅಂಗುಲ ಏರಿಸಿದವರು ಕೊಕ್ಕೆಯನ್ನು ಎರಡು ಅಂಗುಲ ಇಳಿಸಿ ಬೋಲ್ಟು ಹಾಕಿಸಿಕೊಳ್ಳಬೇಕು. ಟ್ರೈಲರಿನ ಹಾಸು ನೆಲಕ್ಕೆ ಸಮನಾಗಿದೆಯೇ ಎಂದು ತಿಳಿಯಲು ಅದರ ಮೇಲೊಂದು ನೀರು ತುಂಬಿದ ತಟ್ಟೆಯನ್ನಿಟ್ಟು ನೋಡಿದರೆ ಸಾಕು.